ಅಧ್ಯಕ್ಷಗಿರಿಗೆ ಒಂದು ಟಿಸಿ

ನಮ್ಮ ಶಿವಮೊಗ್ಗ ಜಿಲ್ಲೆ ನಾಡಿಗೆ ನಾಲ್ಕು ಮುಖ್ಯಮಂತ್ರಿಗಳನ್ನು ಕೊಟ್ಟಿದೆ. ಕಡಿದಾಳ್ ಮಂಜಪ್ಪ, ಬಂಗಾರಪ್ಪ, ಜೆ.ಎಚ್. ಪಟೇಲ್, ಯಡಿಯೂರಪ್ಪ. ಪಟೇಲರ ಚನ್ನಗಿರಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಯಿತು, ನಿಜ. ತಾಲ್ಲೂಕು ಕೊಟ್ಟಿದ್ದೇವೆ, ಪಟೇಲರನ್ನು ಕೊಟ್ಟಿಲ್ಲ. ಆದರೆ ಆ ನಾಲ್ವರೂ ನಮ್ಮೂರ ಶಾಲೆಯ ಎಸ್‌ಡಿಎಂಸಿ ಚುನಾವಣೆಗೆ ನಿಂತಿದ್ದರೆ ಡೆಪಾಸಿಟ್ ಉಳಿಯುತ್ತಿತ್ತಾ ಅನ್ನೋದು ಅನುಮಾನ.

ನಮ್ಮದು ತೀರ್ಥಹಳ್ಳಿ ಕಡೆಯ ಒಂದು ಸಣ್ಣ ಊರು. ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ ಇದೆ. ಎರಡು ಕೋಣೆ, ಅದರಲ್ಲಿ ಒಂದು ಸೋರುತ್ತದೆ. ಒಬ್ಬರೇ ಮೇಷ್ಟ್ರು. ಹೆಡ್‌ಮಾಸ್ಟರು, ಗುಮಾಸ್ತರು, ಗಂಟೆ ಹೊಡೆಯುವವರು ಎಲ್ಲಾ ಅವರೇ. ಮಕ್ಕಳು 11. ಊರಿನ ಉಳಿದ ಮಕ್ಕಳು ಬೆಳಿಗ್ಗೆ ಏಳೂವರೆಗೆ ಹಳದಿ ವ್ಯಾನ್ ಹತ್ತಿ, ಘಟ್ಟದ ತಿರುವಿನಲ್ಲಿ ವಾಂತಿ ಮಾಡಿಕೊಂಡು, ಪೇಟೆಯ ಕಾನ್ವೆಂಟಿಗೆ ಹೋಗುತ್ತಾರೆ.

ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ, ಶುರುವಾಗಿದ್ದು 2001ರಲ್ಲಿ, ವಿಜ್ಞಾನಿ ರಾಜಾರಾಮಣ್ಣ ಅವರ ಶಿಕ್ಷಣ ಕಾರ್ಯಪಡೆ ಹೇಳಿದ ಮೇಲೆ. ಒಳ್ಳೆಯ ಯೋಚನೆಯೇ. ಶಾಲೆ ಯಾರ ಮಕ್ಕಳದ್ದೋ ಅವರೇ ಅದನ್ನು ನೋಡಿಕೊಳ್ಳಲಿ ಅಂತ. ಆಮೇಲೆ 2009ರ ಶಿಕ್ಷಣ ಹಕ್ಕು ಕಾಯ್ದೆ ಬಂತು. ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು ಅಂತ ಅದರಲ್ಲೇ ಬರೆದಿದೆ. ನಮ್ಮಲ್ಲಿ ಪೋಷಕ ಸದಸ್ಯರು 18. ನಮ್ಮ 11 ಮಕ್ಕಳು ಬರುವುದು 7 ಮನೆಯಿಂದ. ಗಂಡ ಹೆಂಡತಿ ಇಬ್ಬರನ್ನೂ ಹಿಡಿದು ಕೂರಿಸಿದರೂ 14 ದಾಟುವುದಿಲ್ಲ. ಹಿಂದೆಲ್ಲ ಮೇಷ್ಟ್ರು ಮನೆಮನೆಗೆ ಹೋಗಿ, ಕಾಫಿ ಕುಡಿದು, ಕಾಲು ಹಿಡಿಯುವುದೊಂದು ಬಿಟ್ಟು ಎಲ್ಲಾ ಮಾಡಿ ಸದಸ್ಯರನ್ನು ಕರೆತರುತ್ತಿದ್ದರು.

ಈ ಸಲ ಹಾಗಾಗಲಿಲ್ಲ. ಪಂಚಾಯಿತಿ ಚುನಾವಣೆ ಹತ್ತಿರ ಇದೆ ಅಂತ ಯಾರೋ ಸುದ್ದಿ ಹಬ್ಬಿಸಿದರು. ಊರಿನ ಮೂವರಿಗೆ ಒಂದೇ ರಾತ್ರಿ ಸರ್ಕಾರಿ ಶಾಲೆಯ ಮೇಲೆ ಪ್ರೀತಿ ಹುಟ್ಟಿತು. ಅಧ್ಯಕ್ಷ ಅಂತ ಒಂದು ಸಲ ಫ್ಲೆಕ್ಸಿನಲ್ಲಿ ಮುಖ ಬಂದರೆ ಸಾಕು, ಮುಂದಿನದು ಮೆಟ್ಟಿಲು, ಅಲ್ವಾ?

ತೊಡಕು ಒಂದೇ. ಅಧ್ಯಕ್ಷರಾಗಬೇಕಾದರೆ ಆ ಶಾಲೆಯಲ್ಲಿ ನಿಮ್ಮ ಮಗು ಓದುತ್ತಿರಬೇಕು. ಮೂವರ ಮಕ್ಕಳೂ ಹಳದಿ ವ್ಯಾನಿನವರು. ಹಾಗಾಗಿ ಜೂನ್ ತಿಂಗಳಲ್ಲಿ, ಸೋನೆ ಮಳೆಯಲ್ಲಿ, ಮೂರು ಜೀಪು ಪೇಟೆಗೆ ಹೋಗಿ ಮೂರು ಟಿಸಿ ತಂದವು. ದಾಖಲಾತಿ 11ರಿಂದ 14ಕ್ಕೆ ಏರಿತು. ಜಾಥಾ ಮಾಡಿದರೂ, ಹಾಲು ಮೊಟ್ಟೆ ಕೊಟ್ಟರೂ ಒಂದು ಮಗುವೂ ಜಾಸ್ತಿಯಾಗದ ಶಾಲೆ ಇದು. ಮೇಷ್ಟ್ರು ಹಾಜರಿ ಪುಸ್ತಕ ನೋಡಿ ಕಣ್ಣೊರೆಸಿಕೊಂಡರು. "ಈ ಎಲೆಕ್ಷನ್ ಪ್ರತಿ ಜೂನ್‌ಗೂ ಬರಲಪ್ಪ" ಅಂದರು.

ಇನ್ನು ಪ್ರಚಾರ. ಇಷ್ಟು ಮಕ್ಕಳಿರುವ ಶಾಲೆಗೆ ವರ್ಷಕ್ಕೆ ಬರುವ ಶಾಲಾ ಅನುದಾನ 10,000 ರೂಪಾಯಿ. 30 ಮಕ್ಕಳವರೆಗೆ ಅಷ್ಟೇ. ಅದರಲ್ಲೂ ಹತ್ತನೇ ಒಂದು ಪಾಲು ಸ್ವಚ್ಛತೆಗೆ ತೆಗೆದಿಡಬೇಕು. ಉಳಿದ 9,000ದಲ್ಲಿ ಸೀಮೆಸುಣ್ಣ, ಕರೆಂಟು, ಹೆಂಚು, ಎಲ್ಲಾ. ಈ ದುಡ್ಡಿನ ಮೇಲುಸ್ತುವಾರಿ ಮಾಡುವ ಕುರ್ಚಿಗೆ ಅಡಿಕೆ ಸಾಹುಕಾರರೊಬ್ಬರು ಒಂದೇ ಭಾನುವಾರ ಕೋಳಿ ಸಾರು, ಕಡುಬಿಗೆ ಸುರಿದದ್ದು ಅದರ ಮೂರರಷ್ಟು. ಆ ದುಡ್ಡಿಗೆ ಸೋರುವ ಕೋಣೆಯ ಹೆಂಚು ಹೊಸದಾಗುತ್ತಿತ್ತು ಅಂತ ನಾನು ಕಡುಬು ತಿನ್ನುತ್ತಲೇ ಯೋಚಿಸಿದೆ. ಕಡುಬು ಚೆನ್ನಾಗಿತ್ತು, ಸುಮ್ಮನಿದ್ದೆ.

ಎದುರಾಳಿಯೊಬ್ಬರು ಇಬ್ಬರು ಸದಸ್ಯರನ್ನು ಆಗುಂಬೆ ಹತ್ತಿರದ ಹೋಂಸ್ಟೇಯಲ್ಲಿ ಇಟ್ಟರು. ಆ ಹೋಂಸ್ಟೇ ಸಾಹುಕಾರರ ಭಾವನದು ಅಂತ ಗೊತ್ತಾಗುವಷ್ಟರಲ್ಲಿ ಹೊತ್ತಾಗಿತ್ತು. ಮೂರನೆಯವರು ಎಲ್ಲರನ್ನೂ ಸಿಗಂದೂರು ಚೌಡೇಶ್ವರಿ ಗುಡಿಗೆ ಕರೆದುಕೊಂಡು ಹೋಗಿ ಆಣೆ ಹಾಕಿಸಿದರು. ಈಗ ಶರಾವತಿ ಹಿನ್ನೀರಿಗೆ ಸೇತುವೆ ಆಗಿದೆ ನೋಡಿ. ಮೊದಲು ಲಾಂಚ್‌ಗೆ ಕಾಯುವಾಗ ಮನಸ್ಸು ಬದಲಾಯಿಸಲು ಟೈಮ್ ಸಿಗುತ್ತಿತ್ತು.

ಟಿಸಿ ತಂದ ಮೂರು ಮನೆ ಸೇರಿ ಈಗ 10 ಮನೆ, 20 ಜನ. ಕುರ್ಚಿ 18. ಶಾಲೆಯ ಇತಿಹಾಸದಲ್ಲೇ ಮೊದಲ ಸಲ ಇಬ್ಬರನ್ನು ಕೈಬಿಡಬೇಕಾಯಿತು. ಕೈಬಿಟ್ಟದ್ದು ಯಾರನ್ನು ಅಂದರೆ, ಕೂಲಿಗೆ ಬಂದು ಇಲ್ಲೇ ನೆಲೆ ನಿಂತ ಗಂಡ ಹೆಂಡತಿಯನ್ನು. ಅವರ ಮೂರು ಮಕ್ಕಳು ಈ ಶಾಲೆಯಲ್ಲಿದ್ದಾರೆ. ಆ ಮೂರು ಇಲ್ಲದಿದ್ದರೆ ಶಾಲೆ ಯಾವತ್ತೋ ಮುಚ್ಚುತ್ತಿತ್ತು. ಸಭೆಗೆ ಅವರು ಬಂದಿರಲಿಲ್ಲ, ನಟ್ಟಿ ಇತ್ತು. ಯಾರ ಗದ್ದೆಯಲ್ಲಿ ನಟ್ಟಿ ಅಂತ ನೀವು ಕೇಳಬಾರದು, ನಾನು ಹೇಳಬಾರದು. ಸಾಹುಕಾರರೇ ಗೆದ್ದರು ಅಂತ ಮಾತ್ರ ಹೇಳಬಹುದು.

ಮೊದಲ ಮಾಸಿಕ ಸಭೆಗೆ ನಾನೂ ಹೋಗಿದ್ದೆ. 9 ಜನ ಮಹಿಳಾ ಸದಸ್ಯರು ಬರಬೇಕಿತ್ತು. ಅವರ ಪರವಾಗಿ 9 ಗಂಡಂದಿರು ಬಂದಿದ್ದರು. ಅವರು ಹೇಗೂ ಸದಸ್ಯರೇ, ಒಂದೊಂದು ಕುರ್ಚಿಯಲ್ಲಿ ಇಬ್ಬಿಬ್ಬರ ಲೆಕ್ಕ. ಪುಸ್ತಕ ಮಾತ್ರ ಸಹಿಗೆ ಅಡುಗೆಮನೆಗಳಿಗೆ ಹೋಗಿ, ಹಿಟ್ಟಿನ ಬೆರಳಚ್ಚು ಸಮೇತ ವಾಪಸು ಬಂತು. ಚರ್ಚೆ ಎರಡು ಗಂಟೆ ನಡೆಯಿತು. ಅಧ್ಯಕ್ಷರ ಫೋಟೋ ಗಾಂಧೀಜಿ ಪಕ್ಕದಲ್ಲಿ ಇರಬೇಕೋ, ಕುವೆಂಪು ಪಕ್ಕದಲ್ಲೋ? ಸೋರುವ ಕೋಣೆಯ ಮಾತು ಎತ್ತಿದಾಗ ಮಳೆ ಜೋರಾಯಿತು, ಸಭೆ ಮುಂದಕ್ಕೆ ಹೋಯಿತು. ಒಂದು ಒಳ್ಳೆಯದಾಯಿತು. ಸೋರುವ ಜಾಗಕ್ಕೆ ಅಭಿನಂದನೆಯ ಫ್ಲೆಕ್ಸ್ ಹೊದಿಸಿದ್ದಾರೆ. ಮಕ್ಕಳು ತಲೆ ಎತ್ತಿದರೆ ಹೆಂಚಿನ ಸಂದಿಯಲ್ಲಿ ಸಾಹುಕಾರರು ಕೈ ಮುಗಿದು ನಗುತ್ತಾರೆ.

ಯೋಜನೆ ಪ್ರಕಾರ ಆಗಸ್ಟ್‌ನಲ್ಲಿ ಮೂರು ಮಕ್ಕಳೂ ವಾಪಸು ಕಾನ್ವೆಂಟಿಗೆ ಹೋಗಬೇಕಿತ್ತು. ಸೋತ ಇಬ್ಬರ ಮಕ್ಕಳು ಹೋದರು. ಸಾಹುಕಾರರ ಮಗನನ್ನು ಕಳಿಸುವಂತಿಲ್ಲ. ಮಗು ಶಾಲೆ ಬಿಟ್ಟರೆ ಅಪ್ಪನ ಸದಸ್ಯತ್ವವೂ ಹೋಗುತ್ತದೆ. ಅದೂ ಅಲ್ಲದೆ ಹುಡುಗನೇ ಒಪ್ಪುತ್ತಿಲ್ಲ. ಆ ಕೂಲಿಯವರ ಮಕ್ಕಳ ಜೊತೆ ಹಳ್ಳದಲ್ಲಿ ಏಡಿ ಹಿಡಿಯುವುದು ಕಲಿತಿದ್ದಾನೆ. ಮಧ್ಯಾಹ್ನ ಮೊಟ್ಟೆ. ಘಟ್ಟದ ತಿರುವು ಇಲ್ಲ, ವಾಂತಿ ಇಲ್ಲ. ಕನ್ನಡ ಮಾತಾಡಿದರೆ ದಂಡ ಇಲ್ಲ.

"ಕುರ್ಚಿ ಬಿಡ್ತೀರೋ, ಇಂಗ್ಲಿಷ್ ಬಿಡ್ತೀರೋ?" ಅಂತ ಅವರ ಹೆಂಡತಿ ದಿನಾ ಕೇಳುತ್ತಾರಂತೆ. ಸಾಹುಕಾರರು ಸರ್ಕಾರಿ ಶಾಲೆ ಉಳಿಸಿ ಅಂತ ತಾಲ್ಲೂಕಿಡೀ ಭಾಷಣ ಮಾಡುತ್ತಾ ತಿರುಗುತ್ತಿದ್ದಾರೆ. ಮನೆಗೆ ಬಂದರೆ ಮಾತಿಲ್ಲ. ವ್ಯಾನಿನವನಿಗೆ ವರ್ಷದ ಬಾಡಿಗೆ ಮೊದಲೇ ಕಟ್ಟಿಬಿಟ್ಟಿದ್ದಾರೆ. ಅವನು ಈಗಲೂ ಬೆಳಿಗ್ಗೆ ಏಳೂವರೆಗೆ ಅವರ ಗೇಟಿನ ಮುಂದೆ ನಿಲ್ಲಿಸಿ, ಎರಡು ಸಲ ಹಾರ್ನ್ ಹೊಡೆದು, ಹೋಗುತ್ತಾನೆ.