ಮನೆಯಿಂದ ಮೆಟ್ರೊವರೆಗೆ ನಡೆಯೋಕೆ ದಾರಿ ಕೊಡಿ

ಇವತ್ತು ಬೆಳಿಗ್ಗೆ ಎಂಟೂವರೆಗೆ ನಡೆದದ್ದು. ಆಫೀಸಿಗೆ ಹೊರಟಿದ್ದೆ. ನನ್ನ ಮುಂದೆ ಒಬ್ಬರು ಅಜ್ಜಿ, ಕೈಯಲ್ಲಿ ಹೂವಿನ ಕವರ್, ನಿಧಾನಕ್ಕೆ ಫುಟ್‌ಪಾತ್ ಮೇಲೆ ಹೋಗುತ್ತಿದ್ದರು. ಹಿಂದಿನಿಂದ ಒಂದು ಸ್ಕೂಟರ್ ಫುಟ್‌ಪಾತ್ ಹತ್ತಿ ಬಂತು. ಹಾರನ್ ಮೇಲೆ ಹಾರನ್. ಅಜ್ಜಿ ಗಾಬರಿಯಾಗಿ ಪಕ್ಕಕ್ಕೆ ಸರಿದರು. ಸರಿಯೋಕೆ ಜಾಗ ಎಲ್ಲಿದೆ? ಒಂದು ಕಡೆ ಕಾಂಪೌಂಡ್ ಗೋಡೆ. ಇನ್ನೊಂದು ಕಡೆ ಯಾರೋ ಕೇಬಲ್ ಎಳೆಯಲು ಎತ್ತಿಟ್ಟು ಹೋದ ಚಪ್ಪಡಿ ಕಲ್ಲು, ಅದರ ಪಕ್ಕದಲ್ಲೇ ಬಾಯಿ ತೆರೆದ ಮೋರಿ. ಓಡಿ ಹೋಗಿ ಅವರ ಕೈ ಹಿಡಿದೆ. ಸ್ಕೂಟರಿನವನು ತಿರುಗಿ ನೋಡಿ, "ನೋಡ್ಕೊಂಡು ನಡೀರಿ ಅಜ್ಜಿ" ಅಂದು ಹೋಗಿಯೇಬಿಟ್ಟ.

ಆ ಮಾತು ಇಡೀ ದಿನ ತಲೆಯಿಂದ ಹೋಗಲಿಲ್ಲ. ಅದಕ್ಕೇ ಈಗ ರಾತ್ರಿ ಕೂತು ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ, ದಯವಿಟ್ಟು ಓದಿ.

ನಮ್ಮ ಮನೆಯಿಂದ ಬೆಂಗಳೂರಿನ ಬನಶಂಕರಿ ಮೆಟ್ರೊ ಸ್ಟೇಷನ್‌ಗೆ ನಡೆದು ಹೋದರೆ ಹನ್ನೆರಡು ನಿಮಿಷ. ಅಷ್ಟೇ. ಈ ಹನ್ನೆರಡು ನಿಮಿಷದಲ್ಲಿ ನಾನು ಫುಟ್‌ಪಾತ್ ಬಿಟ್ಟು ರಸ್ತೆಗೆ ಎಷ್ಟು ಸಲ ಇಳಿಯುತ್ತೇನೆ ಅಂತ ಹೋದ ವಾರ ಎಣಿಸಿದೆ. 23 ಸಲ. ಟ್ರಾನ್ಸ್‌ಫಾರ್ಮರ್ ಬಂತು, ಇಳಿ. ಯಾರದ್ದೋ ಕಾರು ಅರ್ಧ ಮೇಲೇರಿ ನಿಂತಿದೆ, ಇಳಿ. ಮನೆಯವರು ಗೇಟಿಗೆ ಇಳಿಜಾರು ಕಟ್ಟಿಕೊಂಡಿದ್ದಾರೆ, ಇಳಿ. ಜಲ್ಲಿ, ಎಂ ಸ್ಯಾಂಡ್ ಸುರಿದಿದ್ದಾರೆ, ಇಳಿ. ಪ್ರತಿ ಸಲ ಇಳಿಯುವಾಗಲೂ ಹಿಂದೆ ತಿರುಗಿ ನೋಡಬೇಕು, ಬಸ್ ಬರುತ್ತಿದೆಯಾ, ನೀರಿನ ಟ್ಯಾಂಕರ್ ಬರುತ್ತಿದೆಯಾ ಅಂತ. ನನಗೆ 46 ವರ್ಷ, ಕಾಲು ಗಟ್ಟಿ ಇದೆ. ಗಟ್ಟಿ ಇಲ್ಲದವರು ಏನು ಮಾಡಬೇಕು?

ನಮ್ಮಮ್ಮನ ವಿಷಯ ನಿಮ್ಮಲ್ಲಿ ಕೆಲವರಿಗೆ ಗೊತ್ತು. ಮಂಗಳವಾರ, ಶುಕ್ರವಾರ ರಾಹುಕಾಲಕ್ಕೆ ಬನಶಂಕರಿ ಅಮ್ಮನ ದೇವಸ್ಥಾನಕ್ಕೆ ಹೋಗಿ ನಿಂಬೆಹಣ್ಣಿನ ದೀಪ ಹಚ್ಚಿ ಬರುತ್ತಿದ್ದರು. ಒಬ್ಬರೇ, ನಡೆದೇ ಹೋಗುತ್ತಿದ್ದರು. ಎರಡು ವರ್ಷದ ಹಿಂದೆ ಹೀಗೇ ಎರಡು ಚಪ್ಪಡಿಗಳ ಸಂದಿಯಲ್ಲಿ ಅವರ ಕಾಲು ಸಿಕ್ಕಿಕೊಂಡಿತು. ಬಿದ್ದರು. ಬಲಗೈ ಮಣಿಕಟ್ಟು ಮುರಿಯಿತು. ಆರು ವಾರ ಪ್ಲಾಸ್ಟರ್. ಕೈ ಏನೋ ಕೂಡಿಕೊಂಡಿತು. ಧೈರ್ಯ ವಾಪಸ್ ಬರಲಿಲ್ಲ. ಅವತ್ತಿನಿಂದ ಅವರು ಒಬ್ಬರೇ ಹೊರಗೆ ಹೋಗಿಲ್ಲ.

ಇದುವರೆಗೆ ಯಾರಿಗೂ ಹೇಳದ ಒಂದು ವಿಷಯ ಇದೆ. ಆಸ್ಪತ್ರೆಗೆ ಹೋಗುವಾಗ ಆಟೋದಲ್ಲಿ ನಾನು ಅಮ್ಮನಿಗೆ ರೇಗಿದ್ದೆ. "ನೋಡ್ಕೊಂಡು ನಡೀಬಾರ್ದಾ ಅಮ್ಮ?" ಅಂದಿದ್ದೆ. ಅವರು ಏನೂ ಹೇಳಲಿಲ್ಲ, ಕೈ ಹಿಡಿದುಕೊಂಡು ಹೊರಗೆ ನೋಡುತ್ತಾ ಕೂತಿದ್ದರು. ಇವತ್ತು ಆ ಸ್ಕೂಟರಿನವನ ಬಾಯಲ್ಲಿ ನನ್ನದೇ ಮಾತು ಕೇಳಿದೆ.

ಬಿದ್ದವರದ್ದೇ ತಪ್ಪು ಅಂತ ನಾವು ಎಷ್ಟು ಸಲೀಸಾಗಿ ನಂಬಿಬಿಟ್ಟಿದ್ದೇವೆ ಅಲ್ವಾ? 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ ಪಾದಚಾರಿಗಳು 32,825. ಕೇಂದ್ರ ಸಾರಿಗೆ ಸಚಿವಾಲಯದ್ದೇ ಲೆಕ್ಕ. ದಿನಕ್ಕೆ ಸುಮಾರು 90 ಜನ. ಇವರೆಲ್ಲ ನೋಡಿಕೊಂಡು ನಡೆಯದವರಾ?

ಎಲ್ಲರೂ ಸಾರ್ವಜನಿಕ ಸಾರಿಗೆ ಬಳಸಿ ಅನ್ನುತ್ತಾರೆ. ಸಂತೋಷ, ನಾನೂ ಅದನ್ನೇ ಅನ್ನುತ್ತೇನೆ. 2017ರ ಜೂನಿನಲ್ಲಿ ಮೆಟ್ರೊದ ಹಸಿರು ಮಾರ್ಗ ನಮ್ಮ ಕಡೆಗೆ ಬಂದಾಗ ಅಮ್ಮನನ್ನು ಮೆಜೆಸ್ಟಿಕ್‌ವರೆಗೆ ಕರೆದುಕೊಂಡು ಹೋಗಿದ್ದೆ. ಅವರು ಕಿಟಕಿಯಿಂದ ಮರಗಳ ತಲೆ ನೋಡುತ್ತಿದ್ದರು. 2025ರಲ್ಲಿ ಹಳದಿ ಮಾರ್ಗವೂ ಬಂದು ಮೆಟ್ರೊ 96 ಕಿ.ಮೀ. ಆಯಿತು. ಒಳಗೆ ಲಿಫ್ಟ್ ಇದೆ, ಕಣ್ಣು ಕಾಣದವರಿಗೆ ನೆಲದಲ್ಲಿ ಉಬ್ಬು ಟೈಲ್ಸ್ ಇದೆ. ಮನಸ್ಸಿಟ್ಟು ಮಾಡಿದ್ದಾರೆ. ಆ ಟೈಲ್ಸ್ ಸ್ಟೇಷನ್ನಿನ ಗೇಟಿನವರೆಗೆ ಬಂದು ನಿಲ್ಲುತ್ತದೆ. ಆಮೇಲೆ ಏನು? ಕಣ್ಣು ಕಾಣದ ಮನುಷ್ಯ ಗೇಟಿನ ಆಚೆ ಎಲ್ಲಿ ಕಾಲಿಡಬೇಕು?

ನಡೆಯೋಕೆ ಆಗದವರು ಆಟೋ ಹತ್ತಬೇಕು. ಕನಿಷ್ಠ ದರವೇ 36 ರೂಪಾಯಿ, ಅದೂ ಮೀಟರ್ ಹಾಕಿದರೆ. ಮೆಟ್ರೊದ ಗರಿಷ್ಠ ದರ 2025ರ ಫೆಬ್ರವರಿಯಲ್ಲಿ 60ರಿಂದ 90 ರೂಪಾಯಿಗೆ ಹೋಯಿತು. ಎರಡೂ ಕಡೆ ಆಟೋ, ಮಧ್ಯೆ ಮೆಟ್ರೊ ಅಂತ ಲೆಕ್ಕ ಹಾಕಿ. ಸ್ಕೂಟರಿನ ಪೆಟ್ರೋಲೇ ಅಗ್ಗ. ನನ್ನ ಸಹೋದ್ಯೋಗಿ ಒಬ್ಬಳು ಇದೇ ಲೆಕ್ಕ ಹಾಕಿ ಸ್ಕೂಟರ್ ಕೊಂಡಳು. ಅವಳ ಮೇಲೆ ನನಗೆ ಸಿಟ್ಟಿಲ್ಲ. ನಡೆಯುವ ದಾರಿ ಕಿತ್ತುಕೊಂಡು, ಆಮೇಲೆ ವಾಹನ ಜಾಸ್ತಿ ಆಯಿತು ಅಂತ ಫ್ಲೈಓವರ್ ಕಟ್ಟುತ್ತಾರಲ್ಲ, ಸಿಟ್ಟು ಅದರ ಮೇಲೆ.

ಶಕ್ತಿ ಯೋಜನೆ ಬಂದಾಗ ನಾನು ನಿಜವಾಗಿಯೂ ಖುಷಿಪಟ್ಟೆ. ನಮ್ಮ ಮನೆಗೆಲಸಕ್ಕೆ ಬರುವ ಅಕ್ಕ 2023ರ ಜೂನಿನಿಂದ ಬಸ್ಸಿಗೆ ದುಡ್ಡು ಕೊಟ್ಟಿಲ್ಲ. ಅದು ಅವರಿಗೆ ದೊಡ್ಡ ಉಳಿತಾಯ. ಆದರೆ ರಾತ್ರಿ ಎಂಟಕ್ಕೆ ಬಸ್ ಇಳಿದ ಮೇಲೆ ಅವರು ಮುಕ್ಕಾಲು ಕಿಲೋಮೀಟರ್ ರಸ್ತೆ ಅಂಚಿನಲ್ಲೇ ನಡೆಯುತ್ತಾರೆ. ಫುಟ್‌ಪಾತ್ ಮೇಲೆ ಯಾಕೆ ಹೋಗಲ್ಲ ಅಂತ ಕೇಳಿದೆ. "ಕತ್ಲೇಲಿ ಗುಂಡಿ ಎಲ್ಲಿದೆ ಅಂತ ಗೊತ್ತಾಗಲ್ಲ ಅಕ್ಕ, ರೋಡಲ್ಲಾದ್ರೆ ಗಾಡಿ ಲೈಟಾದ್ರೂ ಇರುತ್ತೆ" ಅಂದರು. ಮೈಮೇಲೆ ಬರುವ ಗಾಡಿಯ ಬೆಳಕೇ ಅವರಿಗೆ ದಾರಿದೀಪ. ಇದನ್ನು ಬರೆಯುವಾಗಲೂ ಹೊಟ್ಟೆ ಉರಿಯುತ್ತದೆ.

ಇನ್ನು ಚಪ್ಪಡಿ ಕೆಳಗಿನ ವಿಷಯ. ನಮ್ಮ ಊರಲ್ಲಿ ಫುಟ್‌ಪಾತ್ ಅಂದರೆ ಮೋರಿಯ ಮುಚ್ಚಳ. ಕೆಳಗೆ ಮಳೆನೀರು ಹೋಗಬೇಕು, ಮೇಲೆ ಮನುಷ್ಯ ಹೋಗಬೇಕು, ಅಂಚಿನಲ್ಲಿ ಮರ ನಿಲ್ಲಬೇಕು. ಮೂರೂ ಒಂದೇ ಜಾಗದಲ್ಲಿ. ಹಾಗಾಗಿ ಅದು ಕೆಟ್ಟರೆ ಮೂರೂ ಕೆಡುತ್ತವೆ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲಿದೆ. ಬಿದ್ದ ನೀರು ಇಳಿಜಾರು ಹಿಡಿದು ಹೋಗಲೇಬೇಕು. ಮೋರಿಯಿಂದ ರಾಜಕಾಲುವೆಗೆ, ರಾಜಕಾಲುವೆಯಿಂದ ಕೆರೆಗೆ. ಕೋರಮಂಗಲ ಕಣಿವೆಯ ನೀರು ಬೆಳ್ಳಂದೂರು ಕೆರೆಗೆ, ಅಲ್ಲಿಂದ ವರ್ತೂರು ಕೆರೆಗೆ, ಆಮೇಲೆ ದಕ್ಷಿಣ ಪಿನಾಕಿನಿಗೆ. ವೃಷಭಾವತಿ ಕಡೆಯ ನೀರು ಅರ್ಕಾವತಿ ಸೇರಿ ಕಾವೇರಿಗೆ. ಬೆಳ್ಳಂದೂರು ಕೆರೆಯಲ್ಲಿ ಬೆಂಕಿ ಕಾಣಿಸಿಕೊಂಡಾಗ ನಾವೆಲ್ಲ ಫೋಟೊ ಹಂಚಿಕೊಂಡೆವು, ಬೇಜಾರು ಮಾಡಿಕೊಂಡೆವು. ಆದರೆ ಕೊಳಕು ಕೆರೆಯಲ್ಲಿ ಹುಟ್ಟುವುದಿಲ್ಲ. ಅದು ಶುರುವಾಗುವುದು ನಮ್ಮ ಮನೆ ಮುಂದಿನ ಮೋರಿಯಲ್ಲಿ. ಮಳೆನೀರಿನ ಮೋರಿಗೆ ಬಚ್ಚಲು ನೀರು ಬಿಟ್ಟಿದ್ದಾರೆ. ಅದರೊಳಗೇ ಕೇಬಲ್ ಕಂತೆ ಕಂತೆಯಾಗಿ ಎಳೆದಿದ್ದಾರೆ. ಪ್ಲಾಸ್ಟಿಕ್ ಬಂದು ಆ ಕೇಬಲಿಗೆ ಸಿಕ್ಕಿಹಾಕಿಕೊಳ್ಳುತ್ತದೆ. ಮಳೆಗಾಲಕ್ಕೆ ಮುಂಚೆ ಹೂಳು ತೆಗೆದು ಫುಟ್‌ಪಾತ್ ಮೇಲೇ ಗುಡ್ಡೆ ಹಾಕುತ್ತಾರೆ. ಎತ್ತಿಕೊಂಡು ಹೋಗುವವರು ಬರುವ ಹೊತ್ತಿಗೆ ಮಳೆ ಬಂದಿರುತ್ತದೆ. ಹೂಳು ವಾಪಸ್ ಮೋರಿಗೆ. ಹತ್ತು ವರ್ಷದಿಂದ ಇದನ್ನು ನೋಡುತ್ತಿದ್ದೇನೆ.

ಮರದ ಕಥೆಯೂ ಇದೇ. ನಮ್ಮ ಬೀದಿಯ ಹೊಂಗೆಗಳ ಬುಡಕ್ಕೆ, ಕಾಂಡಕ್ಕೆ ತಾಗುವ ಹಾಗೆ ಕಾಂಕ್ರೀಟ್ ಹಾಕಿದ್ದಾರೆ. ಮರದ ಸುತ್ತ ಒಂದು ಮೀಟರ್ ಮಣ್ಣು ಬಿಡಬೇಕು ಅಂತ ರಾಷ್ಟ್ರೀಯ ಹಸಿರು ಪೀಠ 2013ರಲ್ಲೇ ದೆಹಲಿಯ ಮರಗಳ ಪ್ರಕರಣದಲ್ಲಿ ಹೇಳಿದೆ. ಇಲ್ಲಿ ಒಂದು ಗೇಣೂ ಬಿಟ್ಟಿಲ್ಲ. ಬೇರು ಉಸಿರಾಡೋಕೆ ಮೇಲೆದ್ದು ಚಪ್ಪಡಿ ಎತ್ತುತ್ತದೆ. ಆಗ ಜನ ಮರ ಕಡಿಸಿ ಅಂತ ಅರ್ಜಿ ಕೊಡುತ್ತಾರೆ. 1980ರ ದಶಕದಲ್ಲಿ ಅರಣ್ಯ ಇಲಾಖೆಯ ಎಸ್.ಜಿ. ನೇಗಿನಹಾಳ ಅವರು ಈ ಊರಿನ ಬೀದಿಗಳಲ್ಲಿ ಲಕ್ಷ ಲಕ್ಷ ಗಿಡ ನೆಡಿಸಿದರು. ನಾವು ಇವತ್ತು ನೆರಳಲ್ಲಿ ನಿಂತಿದ್ದರೆ ಅದರಲ್ಲಿ ಅವರ ಬೆವರಿನ ಪಾಲು ದೊಡ್ಡದು. ಆ ಮರಗಳಿಗೆ ನಾವು ಒಂದು ಮೀಟರ್ ಮಣ್ಣು ಕೊಡಲಾರೆವಾ?

ಈ ಮಾತು ಎತ್ತಿದಾಗಲೆಲ್ಲ ಯಾರಾದರೂ ಒಬ್ಬರು ಹೇಳುತ್ತಾರೆ, ಜಾಗ ಎಲ್ಲಿದೆ ಅಂತ. ಕೋಟಿಗೂ ಮೀರಿ ವಾಹನ ಇರುವ ಊರು, ರಸ್ತೆಗೇ ಸಾಲದು, ಫುಟ್‌ಪಾತ್ ಅಗಲ ಮಾಡಿದರೆ ಟ್ರಾಫಿಕ್ ಇನ್ನೂ ಕೆಡುತ್ತದೆ ಅಂತ. ನಾನು ಒಪ್ಪುವುದಿಲ್ಲ. ನಮ್ಮ ರಸ್ತೆಯ ಎರಡೂ ಕಡೆ ಬೆಳಗಿನಿಂದ ರಾತ್ರಿವರೆಗೆ ಕಾರು ನಿಂತಿರುತ್ತವೆ. ಅವು ಓಡುವುದಿಲ್ಲ, ಸುಮ್ನೆ ನಿಂತಿರುತ್ತವೆ. ಅದಕ್ಕೆ ಜಾಗ ಇದೆಯಲ್ಲ? ನಿಂತ ಕಾರಿಗೆ ಸಿಗುವ ಜಾಗ ನಡೆಯುವ ಮನುಷ್ಯನಿಗೆ ಯಾಕೆ ಸಿಗಬಾರದು? ಬೀದಿ ವ್ಯಾಪಾರಿಗಳನ್ನು ಎಬ್ಬಿಸಿ ಅನ್ನುವವರೂ ಇದ್ದಾರೆ. ನಾನು ಹಾದಿಯಲ್ಲಿ ಇಳಿದ 23 ಸಲದಲ್ಲಿ ವ್ಯಾಪಾರಿಗಳಿಂದ ಇಳಿದದ್ದು ಎರಡೇ ಸಲ. ಸೊಪ್ಪಿನ ಅಕ್ಕ ನನ್ನನ್ನು ನೋಡಿದರೆ ಬುಟ್ಟಿ ಎಳೆದುಕೊಳ್ಳುತ್ತಾರೆ. ಟ್ರಾನ್ಸ್‌ಫಾರ್ಮರ್ ಎಳೆದುಕೊಳ್ಳಲ್ಲ. ವ್ಯಾಪಾರಿಗಳಿಗೆ ಜಾಗ ಗುರುತಿಸಿ ಕೊಡಬೇಕು ಅಂತ 2014ರ ಕಾಯ್ದೆಯೇ ಇದೆ, ಅದರ ಪ್ರಕಾರ ಕೊಡಲಿ.

ದುಡ್ಡಿಲ್ಲ ಅಂತಲೂ ಹೇಳಬೇಡಿ. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ಸುಮಾರು 17 ಕಿ.ಮೀ. ಸುರಂಗ ರಸ್ತೆಗೆ 17 ಸಾವಿರ ಕೋಟಿ ಮೀರಿದ ಅಂದಾಜು ಹಾಕಿದ ಊರು ಇದು. ಹೇಗೆ ಮಾಡಬೇಕು ಅಂತ ಗೊತ್ತಿಲ್ಲ ಅಂತಲೂ ಅಲ್ಲ. ಟೆಂಡರ್‌ಶೂರ್ ಅನ್ನುವ ಯೋಜನೆಯಲ್ಲಿ ನಗರದ ಮಧ್ಯೆ ಹೊಸದಾಗಿ ಮಾಡಿದ ರಸ್ತೆಗಳಲ್ಲಿ ನಡೆದು ನೋಡಿ. ಅಗಲವಾದ ಫುಟ್‌ಪಾತ್, ಕೇಬಲ್ ಪೈಪುಗಳಿಗೆ ಕೆಳಗೆ ಬೇರೆಯದೇ ದಾರಿ. ಮತ್ತೆ ಮತ್ತೆ ಅಗೆಯಬೇಕಾಗಿಲ್ಲ. ಅಮ್ಮನನ್ನು ಒಂದು ಸಲ ಸೇಂಟ್ ಮಾರ್ಕ್ಸ್ ರಸ್ತೆಗೆ ಕರೆದುಕೊಂಡು ಹೋಗಿದ್ದೆ. ಸ್ವಲ್ಪ ದೂರ ಹೋದ ಮೇಲೆ ಅವರು ನನ್ನ ಕೈ ಬಿಟ್ಟು ನಡೆದರು. ಅದನ್ನು ನೋಡಿ ನನಗೆ ಅಳು ಬಂತು. ನಗರದ ಮಧ್ಯದಲ್ಲಿ ಆಗುವುದು ಬನಶಂಕರಿಯಲ್ಲಿ, ಯಶವಂತಪುರದಲ್ಲಿ, ಕೆ.ಆರ್. ಪುರದಲ್ಲಿ ಯಾಕೆ ಆಗಬಾರದು?

ನಿಯಮಗಳೂ ಇವೆ. ಫುಟ್‌ಪಾತಿನಲ್ಲಿ ಅಡೆತಡೆ ಇಲ್ಲದ ಜಾಗ ಕನಿಷ್ಠ 1.8 ಮೀಟರ್ ಇರಬೇಕು, ಅಂಚಿನ ಕಲ್ಲು 15 ಸೆಂಟಿಮೀಟರಿಗಿಂತ ಎತ್ತರ ಇರಬಾರದು ಅಂತ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 2012ರ ಮಾರ್ಗಸೂಚಿ ಹೇಳುತ್ತದೆ. ನಮ್ಮ ಬೀದಿಯಲ್ಲಿ ಟೇಪ್ ಹಿಡಿದು ನೋಡಿದೆ. ಟ್ರಾನ್ಸ್‌ಫಾರ್ಮರ್ ಹತ್ತಿರ ಉಳಿದಿರುವುದು 40 ಸೆಂಟಿಮೀಟರ್. ನಾನು ಅಡ್ಡ ತಿರುಗಿ ನಿಂತರೂ ಕಷ್ಟ. 2025ರ ಮೇ 14ರಂದು ಸುಪ್ರೀಂ ಕೋರ್ಟ್, ಬಳಸಲು ಯೋಗ್ಯವಾದ ಫುಟ್‌ಪಾತ್ ಸಂವಿಧಾನದ 21ನೇ ವಿಧಿಯ ಹಕ್ಕಿನ ಭಾಗ ಅಂತ ಹೇಳಿತು. ಅಂದರೆ ಬದುಕುವ ಹಕ್ಕಿನ ಭಾಗ. ಸುದ್ದಿ ಓದಿ ಅಮ್ಮನಿಗೆ ಹೇಳಿದೆ. "ಹಾಗಾದ್ರೆ ನಮ್ ಬೀದೀದೂ ಸರಿಮಾಡ್ತಾರಾ?" ಅಂತ ಕೇಳಿದರು.

ಯಾರನ್ನು ಕೇಳುವುದು ಹೇಳಿ. ನಮ್ಮ ಮಹಾನಗರ ಪಾಲಿಕೆ ಬಿಬಿಎಂಪಿಗೆ ಕೊನೆಯ ಚುನಾವಣೆ ಆದದ್ದು 2015ರಲ್ಲಿ. 2020ರ ಸೆಪ್ಟೆಂಬರಿನಲ್ಲಿ ಅವಧಿ ಮುಗಿಯಿತು. ಆಮೇಲೆ ಐದು ವರ್ಷಕ್ಕೂ ಜಾಸ್ತಿ ಕಾಲ ವಾರ್ಡಿಗೆ ಒಬ್ಬ ಕಾರ್ಪೊರೇಟರ್ ಇಲ್ಲದೆ ಕಳೆಯಿತು. 2025ರಲ್ಲಿ ಒಂದು ಪಾಲಿಕೆ ಹೋಗಿ ಐದು ಪಾಲಿಕೆ ಆದವು. ಚಪ್ಪಡಿ ದೂರು ಹಿಡಿದು ನಾನು ಹೋದ ಕಚೇರಿಯಲ್ಲಿ ಇದು ನಮ್ಮದಲ್ಲ, ಕೇಬಲಿನವರದ್ದು ಅಂದರು. ಕೇಬಲಿನವರು ನಾವು ಕಲ್ಲು ವಾಪಸ್ ಇಟ್ಟಿದ್ದೇವೆ ಅಂದರು. ಮೂರು ತಿಂಗಳಲ್ಲಿ ನಾಲ್ಕು ಸಲ ಹೋಗಿದ್ದೇನೆ. ಕಲ್ಲು ಅಲ್ಲೇ ಇದೆ.

2016ರ ಅಕ್ಟೋಬರ್ ನೆನಪಿದೆಯಾ? ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ ಉಕ್ಕಿನ ಮೇಲ್ಸೇತುವೆ ಬೇಡ ಅಂತ ಮಾನವ ಸರಪಳಿ ಮಾಡಿದ್ದೆವು. ಸುಮಾರು 800 ಮರ ಹೋಗುವುದರಲ್ಲಿತ್ತು. ನಿಮ್ಮಲ್ಲಿ ಎಷ್ಟೋ ಜನ ನನ್ನ ಪಕ್ಕದಲ್ಲೇ ಕೈ ಹಿಡಿದು ನಿಂತಿದ್ದಿರಿ. ಮುಂದಿನ ಮಾರ್ಚಿನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ಅವತ್ತು ಅಷ್ಟು ಜನ ಬಂದರು. ಒಂದು ಚಪ್ಪಡಿ ಕಲ್ಲಿಗೆ ಯಾಕೆ ಯಾರೂ ಬರುವುದಿಲ್ಲ? ಅದು ಸಣ್ಣದು ಅನ್ನಿಸುತ್ತದೆ, ಅದಕ್ಕೇ. ಮುರಿದ ಕೈ ಸಣ್ಣದಲ್ಲ.

ಸಬರ್ಬನ್ ರೈಲಿನ ಬಗ್ಗೆಯೂ ಒಂದು ಮಾತು. 1983ರಿಂದ ಅದರ ಮಾತು ಕೇಳುತ್ತಿದ್ದೇವೆ. 2020ರಲ್ಲಿ 148 ಕಿ.ಮೀ.ಗೆ ಕೇಂದ್ರ ಒಪ್ಪಿಗೆ ಕೊಟ್ಟಿತು. ಅದರ ಮಾರ್ಗಗಳಿಗೆ ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಅಂತ ಎಷ್ಟು ಚಂದದ ಹೆಸರುಗಳು. 2022ರ ಜೂನಿನಲ್ಲಿ ಅಡಿಗಲ್ಲು ಹಾಕಿದಾಗ 40 ತಿಂಗಳು ಅಂದಿದ್ದರು. ಆ 40 ತಿಂಗಳು ಮುಗಿದೂ ಹೋದವು. ರೈಲು ಬರಲಿ, ಬೇಗ ಬರಲಿ, ನಾನು ಮೊದಲ ದಿನವೇ ಹತ್ತುತ್ತೇನೆ. ಆದರೆ ಆ ಸ್ಟೇಷನ್ನುಗಳ ಸುತ್ತ ಒಂದೊಂದು ಕಿಲೋಮೀಟರ್ ಫುಟ್‌ಪಾತ್ ಈಗಲೇ ಮಾಡಿ ಅಂತ ಕೇಳುವುದು ಅತಿಯಾಸೆಯಾ?

ಸಂಜೆ ವಾಪಸ್ ಬರುವಾಗ ನೋಡಿದೆ. ಆ ತೆರೆದ ಮೋರಿಗೆ ಯಾರೋ ಹೊಂಗೆ ಕೊಂಬೆ ನೆಟ್ಟಿದ್ದರು, ಇಲ್ಲಿ ಗುಂಡಿ ಇದೆ ಅಂತ ಗೊತ್ತಾಗಲಿ ಎಂದು. ಆ ಪುಣ್ಯಾತ್ಮರಿಗೆ ನಮಸ್ಕಾರ.

ಈ ಭಾನುವಾರ ಬೆಳಿಗ್ಗೆ ಆರೂವರೆಗೆ ಬನಶಂಕರಿ ದೇವಸ್ಥಾನದ ಮುಂದೆ ಇರುತ್ತೇನೆ. ಅಲ್ಲಿಂದ ನಮ್ಮ ಬೀದಿವರೆಗೆ ಪ್ರತಿ ತಡೆಯನ್ನೂ ಅಳೆದು, ಫೋಟೊ ತೆಗೆದು, ಪಟ್ಟಿ ಮಾಡಿ ಕೊಡುವುದು. ಆ ಕಡೆ ಇರುವವರು ಬನ್ನಿ. ಟೇಪ್ ನನ್ನ ಹತ್ತಿರ ಇದೆ. ಫೋಟೊ ತೆಗೆಯಲು ಇಬ್ಬರು ಬೇಕು. ಅಮ್ಮನೂ ಬರುತ್ತೇನೆ ಅಂದಿದ್ದಾರೆ. ಬರೆದುಕೊಳ್ಳುವ ಕೆಲಸ ಅವರದ್ದು. ಕೈ ಈಗ ಬರೆಯುವಷ್ಟು ಸರಿಯಾಗಿದೆ.