ಮನಿ ಮಾತು ಮನ್ಯಾಗ ಇರಬೇಕಂತ!

ನಿನ್ನೆ ರಾತ್ರಿ ಧಾರವಾಡದಿಂದ ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಬಂದಿಳಿದರೂ ಸಿಟ್ಟು ಇಳಿದಿರಲಿಲ್ಲ. ನಿದ್ದೆಯೂ ಹತ್ತಲಿಲ್ಲ. ಅದಕ್ಕೇ ಬೆಳಿಗ್ಗೆ ಎದ್ದ ಕೂಡಲೇ ಬರೆಯಲು ಕೂತಿದ್ದೇನೆ.

ಮೂವರು ನರ್ತಕಿಯರು ತಮ್ಮ ಬದುಕಿನ ಒಂದೊಂದು ನೆನಪನ್ನು ಮಾತಿನಲ್ಲಿ, ನೃತ್ಯದಲ್ಲಿ ಹೇಳುವ ಕಾರ್ಯಕ್ರಮ. ಸಣ್ಣ ಸಭಾಂಗಣ, ಐವತ್ತು-ಅರವತ್ತು ಜನ. ಮೊದಲ ಹುಡುಗಿಗೆ ಇನ್ನೂ ಅಳುಕು, ಮಾತು ಜಾಸ್ತಿ ಆಯಿತು. ಕೊನೆಯವರದು ಛಲೋ ಇತ್ತು. ನಾನು ಹೇಳಬೇಕಾದ್ದು ನಡುವಿನವರ ಬಗ್ಗೆ.

ಐವತ್ತು ದಾಟಿದವರು, ಹಾವೇರಿ ಕಡೆಯವರು. ಅಪ್ಪ ಟೇಲರ್. ರಂಗಪ್ರವೇಶಕ್ಕೆ ರೇಷ್ಮೆ ಡ್ರೆಸ್ ತರುವಷ್ಟು ದುಡ್ಡಿರಲಿಲ್ಲ, ಅವ್ವನ ಮದುವೆಯ ಇಳಕಲ್ ಸೀರೆಯನ್ನೇ ಕತ್ತರಿಸಿ ಹೊಲಿದರಂತೆ. ಇಷ್ಟು ಹೇಳಿ ಸುಮ್ಮನಾದರು. ಆಮೇಲೆ ಮೃದಂಗವಿಲ್ಲ, ಹಾಡಿಲ್ಲ. ಎಡಗೈಯಲ್ಲಿ ಸೀರೆ ಹಿಡಿದ ಹಾಗೆ, ಬಲಗೈಯಲ್ಲಿ ಕರ್ತರೀಮುಖ, ಎರಡು ಬೆರಳು ಅಗಲಿಸಿ ಹಿಡಿಯುವ ಮುದ್ರೆ. ಆ ಹಸ್ತಕ್ಕೆ ಗಂಡು-ಹೆಣ್ಣಿನ ಅಗಲಿಕೆ, ಮಿಂಚು, ಬಳ್ಳಿ ಎಂದೆಲ್ಲ ವಿನಿಯೋಗ, ಅಂದರೆ ಯಾವ ಯಾವ ಅರ್ಥಕ್ಕೆ ಬಳಸಬೇಕೆಂಬ ಪಟ್ಟಿ, ಬಾಯಿಪಾಠ ಮಾಡಿದವಳು ನಾನು. ಕರ್ತರಿ ಎಂದರೆ ಕತ್ತರಿ ಎಂಬುದು ಗೊತ್ತಿದ್ದೂ, ಟೇಲರಪ್ಪನ ಕತ್ತರಿ ಅದರೊಳಗೆ ನನಗೆ ಒಮ್ಮೆಯೂ ಕಂಡಿರಲಿಲ್ಲ. ಆ ಎರಡು ಬೆರಳು ಸೆರಗಿನ ಅಂಚಿಗೆ ಬಂದು ನಿಂತವು. ಮುಂದೆ ಹೋಗಲಿಲ್ಲ. ಆಕೆಯ ಮುಖ ಅವ್ವನ ಮುಖವಾಯಿತು, ಒಂದಿಷ್ಟೇ ಪಕ್ಕಕ್ಕೆ ತಿರುಗಿತು. ಆಮೇಲೆ ಬೆರಳು ನಡೆದವು. ನನ್ನ ಪಕ್ಕದಲ್ಲಿ ಕೂತಿದ್ದ ಅಜ್ಜಿ ತಮ್ಮ ಸೆರಗನ್ನು ಗಟ್ಟಿಯಾಗಿ ಮುಷ್ಟಿಯಲ್ಲಿ ಹಿಡಿದುಕೊಂಡಿದ್ದರು.

ಇದಾದ ಮೇಲೆ ಪ್ರಶ್ನೆ ಕೇಳಲು ಅವಕಾಶ ಕೊಟ್ಟರು. ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು, ಓದಿಕೊಂಡವರು, ಎದ್ದು ನಿಂತು, “ಭಾಳ ಛಲೋ ಮಾಡಿದ್ರವಾ. ಆದ್ರ ಈ ಮನಿ ಮಾತು ಸ್ಟೇಜ್ ಮ್ಯಾಲೆ ಯಾಕ? ಕೃಷ್ಣ ಅದಾನ, ಶಿವ ಅದಾನ, ಅವನ್ನ ಮಾಡ್ರಿ. ಮನಿ ಮಾತು ಮನ್ಯಾಗ ಇರಲಿ” ಅಂದರು. ಆಕೆ ಏನೂ ಅನ್ನದೆ ಕೈ ಮುಗಿದರು. ನಾನೂ ಬಾಯಿ ಬಿಡಲಿಲ್ಲ. ಸಿಟ್ಟು ಅವರ ಮೇಲೆ ಎಷ್ಟಿದೆಯೋ ನನ್ನ ಮೇಲೂ ಅಷ್ಟೇ ಇದೆ.

ಮನಿ ಮಾತು! ಗಂಗೂಬಾಯಿ ಹಾನಗಲ್ಲರು ಹೇಳಿದ್ದೂ ಮನಿ ಮಾತೇ ಅಲ್ಲವೇ? 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿ ಮುಂದೆ ಹಾಡಿದಾಗ ಅವರಿಗೆ ಹನ್ನೊಂದು ವರ್ಷ. ಹಾಡಿಗಿಂತ ಹೆಚ್ಚಾಗಿ ನೆನಪಿದ್ದದ್ದು, ಜಾತಿ ನೋಡಿ ತಮಗೆ ಎಂಜಲು ಎತ್ತಲು ಹಚ್ಚುತ್ತಾರೇನೋ ಎಂಬ ಹೆದರಿಕೆ ಎಂದು ಹೇಳಿಕೊಂಡಿದ್ದರು. ಆ ಮಾತನ್ನು ನಮ್ಮೂರ ಹೆಮ್ಮೆ ಎಂದು ವೇದಿಕೆಯ ಮೇಲೆ ನಾವೇ ಹೇಳುತ್ತೇವೆ. ಹಾಡುವಾಕೆ ಹೇಳಿದರೆ ಇತಿಹಾಸ, ಕುಣಿಯುವಾಕೆ ಹೇಳಿದರೆ ಮನಿ ಮಾತೇ?

ಸ್ವಂತ ದುಃಖ ರಸವಾಗುವುದಿಲ್ಲ, ಅದು ಸಾಧಾರಣೀಕರಣಗೊಳ್ಳಬೇಕು, ಅಂದರೆ ಒಬ್ಬರದಾಗಿ ಉಳಿಯದೆ ಎಲ್ಲರದೂ ಆಗಬೇಕು ಎಂದು ರಸದ ಬಗ್ಗೆ ಬರೆದ ಹಳೆಯ ಪಂಡಿತ ಅಭಿನವಗುಪ್ತನನ್ನು ಮುಂದೆ ಮಾಡುವವರು ಇದ್ದಾರೆ, ಗೊತ್ತು. ನಿನ್ನೆ ಆ ಅಜ್ಜಿ ಸೆರಗು ಹಿಡಿದುಕೊಂಡರಲ್ಲ, ಅದು ಮತ್ತೇನು? ಹಾವೇರಿಯ ಟೇಲರ್ ಆ ಅಜ್ಜಿಗೆ ಯಾರು? ಇನ್ನು ನರ್ತಕಿ ಮಾತಾಡಬಾರದು ಎನ್ನುವುದಾದರೆ, ನಾಟ್ಯಶಾಸ್ತ್ರ ಹೇಳಿದ ನಾಲ್ಕು ಅಭಿನಯಗಳಲ್ಲಿ ವಾಚಿಕವೂ, ಅಂದರೆ ಮಾತೂ, ಒಂದು. 2004ರಲ್ಲಿ ಪ್ಯಾರಿಸ್ ಆಪೆರಾದ ವೇದಿಕೆಯ ಮೇಲೆ ವೆರೊನಿಕ್ ದ್ವಾನೋ ಎಂಬ ಬ್ಯಾಲೆ ನರ್ತಕಿ ಒಬ್ಬಳೇ ನಿಂತು, ನನಗೆ ನಲವತ್ತೆರಡು, ಇಬ್ಬರು ಮಕ್ಕಳು, ನಿವೃತ್ತಿ ಹತ್ತಿರ ಬಂತು ಎಂದು ಹೇಳಿಕೊಂಡಳು. ಫ್ರಾನ್ಸಿನ ನೃತ್ಯ ಸಂಯೋಜಕ ಜೆರೋಮ್ ಬೆಲ್ ಕಟ್ಟಿದ ಪ್ರಯೋಗ ಅದು. ‘ಸ್ವಾನ್ ಲೇಕ್’ ಬ್ಯಾಲೆಯಲ್ಲಿ ಮುಖ್ಯ ನರ್ತಕಿ ಕುಣಿಯುವಾಗ ಹಿಂದಿನ ಸಾಲಿನ ಹಂಸಗಳು ಅಲುಗದೆ ಎಷ್ಟು ಹೊತ್ತು ನಿಲ್ಲಬೇಕು ಎಂಬುದನ್ನು ಸಂಗೀತ ಹಚ್ಚಿಸಿ, ಹಾಗೇ ನಿಂತು ತೋರಿಸಿದಳು. ಹಿಂದಿನ ಸಾಲಿನಾಕೆಗೂ ಒಂದು ಬದುಕಿದೆ ಎಂಬುದು ಆಕೆ ಬಾಯಿ ಬಿಟ್ಟು ಹೇಳದಿದ್ದರೆ ನೋಡುವವರಿಗೆ ತಿಳಿಯುತ್ತಲೇ ಇರಲಿಲ್ಲ.

ನಾನು ಗೆಜ್ಜೆ ಬಿಟ್ಟದ್ದು ನಿಮಗೆಲ್ಲ ಗೊತ್ತಿದೆ. ಮೊಣಕಾಲು ನೋವು ಅಂತಲೂ ಗೊತ್ತಿದೆ. ಎಷ್ಟು ಜನ ಎಣ್ಣೆ ತಂದುಕೊಟ್ಟಿರಿ, ಡಾಕ್ಟರ ಹೆಸರು ಹೇಳಿದಿರಿ. ನೋವು ಇರಲಿಲ್ಲ. ಮದುವೆಯಾದ ವರ್ಷ ಗದಗದಲ್ಲಿ ಒಂದು ಕಾರ್ಯಕ್ರಮ ಕೊಟ್ಟು ಮನೆಗೆ ಬಂದಾಗ, ಇನ್ನೂ ಮುಖದ ಬಣ್ಣ ತೆಗೆದಿರಲಿಲ್ಲ, ಹಿರಿಯರೊಬ್ಬರು “ಮನಿತನಸ್ಥರ ಹೆಣ್ಮಕ್ಕಳು ಮಂದಿ ಮುಂದ ಕುಣಿಯೂದಿಲ್ಲ” ಅಂದರು. ಇಪ್ಪತ್ತೆರಡು ವರ್ಷ ಆ ಮನಿ ಮಾತನ್ನು ಮನಿಯಲ್ಲೇ ಇಟ್ಟೆ. ಅದರಿಂದ ಯಾವ ಕಲೆ ಉಳಿಯಿತು?

ನಿನ್ನೆ ಎಲ್ಲರೂ ಹೋದ ಮೇಲೆ ಮೇಕಪ್ ಕೋಣೆಗೆ ಹೋದೆ. ಆಕೆ ಆ ಇಳಕಲ್ ಡ್ರೆಸ್ಸನ್ನು ಮಡಚಿ ಚೀಲದಲ್ಲಿ ಇಡುತ್ತಿದ್ದರು. ಕೇಳಿದ ಕೂಡಲೇ ಒಳಮಗ್ಗುಲು ತಿರುಗಿಸಿ ತೋರಿಸಿದರು. ಅಪ್ಪ ಕೈಯಿಂದ ಹಾಕಿದ ಹೊಲಿಗೆ, ಕೆಂಪು ದಾರ, ಒಂದು ಕಡೆಯೂ ಬಿಟ್ಟಿಲ್ಲ. ಮೊಣಕಾಲಿನ ವಿಷಯ ನಾನು ಮೊದಲು ಹೇಳಿದ್ದು ಆಕೆಗೇ. ಸಮಾಧಾನದ ಮಾತು ಏನೂ ಆಡಲಿಲ್ಲ ಆಕೆ.

“ಎಲ್ಲಿತನಕಾ ಕಲ್ತಿದ್ರಿ ಅಕ್ಕಾರ?” ಅಂತ ಕೇಳಿದರು.

“ವರ್ಣ ಕಲಿಯೂದು ಅರ್ಧಕ್ಕ ನಿಂತದ್ರಿ” ಅಂದೆ.