ಅಮ್ಮನನ್ನು ತೂಗಿದವರು ಉತ್ತರ ಕೊಡಲಿ

ಆ ತೂಕದ ಯಂತ್ರದ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿ ಇಡುವುದಕ್ಕೆ ಎಷ್ಟು ಖರ್ಚಾಗುತ್ತದೆ? ಗೊತ್ತಿದ್ದವರು ಯಾರಾದರೂ ಹೇಳಿ. ಆಫ್ರಿಕಾ ಪ್ರವಾಸ ಮುಗಿಸಿ ಮನೆ ಸೇರಿದ್ದೇವೆ, ಚೀಲಗಳನ್ನು ಇನ್ನೂ ಬಿಚ್ಚಿಲ್ಲ, ಅಮ್ಮ ಒಳಗೆ ಮಲಗಿದ್ದಾಳೆ. ನನಗೆ ಮಾತ್ರ ನಿದ್ದೆ ಹತ್ತುತ್ತಿಲ್ಲ. ಕಣ್ಣು ಮುಚ್ಚಿದರೆ ಆ ಕೆಂಪು ಅಂಕಿಗಳೇ ಕಾಣುತ್ತವೆ.

ತೂಗಬಾರದಿತ್ತು ಎಂದು ನಾನು ಹೇಳುತ್ತಿಲ್ಲ. ಇದನ್ನು ಮೊದಲೇ ಬರೆದುಬಿಡುತ್ತೇನೆ, ಇಲ್ಲದಿದ್ದರೆ ಬುದ್ಧಿ ಹೇಳುವವರು ಸಾಲುಗಟ್ಟಿ ಬರುತ್ತಾರೆ. ಬೋಟ್ಸ್ವಾನಾ ದೇಶದ ಮೌನ್ ಪಟ್ಟಣದಿಂದ ಒಕವಾಂಗೊ ನದಿಯ ಮುಖಜಭೂಮಿಯ ಒಳಗಿನ ಕ್ಯಾಂಪುಗಳಿಗೆ ಹೋಗುವುದು ಹೆಚ್ಚಾಗಿ ಒಂದೇ ಎಂಜಿನ್ನಿನ ಸಣ್ಣ ಸೆಸ್ನಾ ವಿಮಾನದಲ್ಲಿ. ಇಳಿಯುವುದು ಕಾಡಿನ ನಡುವೆ ಸವರಿಟ್ಟ ಮಣ್ಣಿನ ಹಾದಿಯ ಮೇಲೆ. ಮೌನ್ ಹೆಚ್ಚುಕಡಿಮೆ ಬೆಂಗಳೂರಿನಷ್ಟೇ ಎತ್ತರದಲ್ಲಿದೆ, ಬಿಸಿಲೇರಿದಂತೆ ಗಾಳಿ ಇನ್ನೂ ತೆಳುವಾಗುತ್ತದೆ, ಭಾರ ಹೆಚ್ಚಿದ್ದರೆ ವಿಮಾನ ಮೇಲೇಳಲು ಹೆಚ್ಚು ದೂರ ಓಡಬೇಕಾಗುತ್ತದೆ. ಯಾರು ಯಾವ ಸೀಟಿನಲ್ಲಿ ಕೂರಬೇಕು ಎಂಬುದಕ್ಕೂ ಲೆಕ್ಕವಿರುತ್ತದೆ. ಅದಕ್ಕೇ ಒಬ್ಬರಿಗೆ 20 ಕೆ.ಜಿ. ಸಾಮಾನು, ಕ್ಯಾಮೆರಾ, ಕೈಚೀಲ ಎಲ್ಲವೂ ಅದರಲ್ಲೇ ಸೇರಿ. ಗಟ್ಟಿ ಸೂಟ್‌ಕೇಸ್ ಕೂಡದು, ವಿಮಾನದ ಹೊಟ್ಟೆಯೊಳಗೆ ತುರುಕಲು ಬರುವಂಥ ಮೆತ್ತನೆಯ ಬಟ್ಟೆ ಚೀಲವೇ ಆಗಬೇಕು. ಎಲ್ಲವನ್ನೂ ಓದಿ, ಒಪ್ಪಿ, ಸಹಿ ಹಾಕಿದ್ದೆವು. ನಮ್ಮಿಬ್ಬರ ಚೀಲಗಳೂ ಮಿತಿಯೊಳಗೇ ಇದ್ದವು. ಫಾರಂನಲ್ಲಿ ದೇಹದ ತೂಕ ಕೇಳಿದ್ದರು. ಅಮ್ಮನದನ್ನು ಸರಿಯಾಗಿಯೇ ಬರೆದುಕೊಟ್ಟಿದ್ದೆ.

ಹಾಗಿದ್ದರೆ ಮೌನ್ ವಿಮಾನ ನಿಲ್ದಾಣದಲ್ಲಿ ತೂಕ ಬರೆದುಕೊಳ್ಳುತ್ತಿದ್ದ ಆ ಮನುಷ್ಯ ಅಮ್ಮನನ್ನು ಮಾತ್ರ ಏಕೆ ನಿಲ್ಲಿಸಿದ?

ನಮ್ಮ ಮುಂದೆ ಟೋಪಿ ಹಾಕಿಕೊಂಡ ಒಬ್ಬ ದೊಡ್ಡ ಆಳು, ಅವನ ಹೆಂಡತಿ. ಅವನಿಗೆ ತೂಕ ಎಷ್ಟು ಎಂದು ಕೇಳಿದರು. ಅವನು ಬಾಯಲ್ಲಿ ಒಂದು ಸಂಖ್ಯೆ ಹೇಳಿದ, ಇವರು ಬರೆದುಕೊಂಡರು. ಅಷ್ಟೇ. ಹೆಂಡತಿಯನ್ನು ಕೇಳಲೂ ಇಲ್ಲ. ನಮ್ಮ ಸರದಿ ಬಂದಾಗ ಕಾಗದದ ಹಲಗೆ ಹಿಡಿದವನು ಫಾರಂ ನೋಡಿದ, ಅಮ್ಮನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ, ಮತ್ತೆ ಫಾರಂ ನೋಡಿದ. ಆಮೇಲೆ ಪೆನ್ನಿನ ತುದಿಯಿಂದ ಪಕ್ಕದ ತೂಕದ ಯಂತ್ರವನ್ನು ತೋರಿಸಿದ. ಚೀಲಗಳನ್ನು ತೂಗುವ ಯಂತ್ರ ಅದು. ನೆಲದ ಮೇಲೆ ಗೀರುಬಿದ್ದ ಒಂದು ತಗಡಿನ ಹಾಸು, ಅದರ ಹಿಂದೆ ಕಂಬ, ಕಂಬದ ತಲೆಯ ಮೇಲೆ ಕೆಂಪು ಅಂಕಿಗಳು. ಆ ಅಂಕಿಗಳು ನೋಡುತ್ತಿದ್ದದ್ದು ಸಾಲಿನಲ್ಲಿ ನಿಂತವರ ಕಡೆಗೆ.

ಅಮ್ಮ ಚಪ್ಪಲಿ ಕಳಚಿದಳು. ಯಾರೂ ಕಳಚು ಎಂದಿರಲಿಲ್ಲ. ಜುಲೈ ತಿಂಗಳು ಅಲ್ಲಿ ಚಳಿಗಾಲ, ಸೀರೆಯ ಮೇಲೆ ಸ್ವೆಟರ್ ಹಾಕಿಕೊಂಡಿದ್ದಳು. ಒಂದು ಕೈಯಲ್ಲಿ ನೆರಿಗೆ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ನನ್ನ ಭುಜ ಹಿಡಿದು ಹತ್ತಿದಳು. ‘ಅವರನ್ನು ಮುಟ್ಟಬೇಡಿ, ತೂಕ ತಪ್ಪಾಗುತ್ತದೆ’ ಎಂದ. ನಾನು ಹಿಂದೆ ಸರಿದೆ. ಹಿಡಿದುಕೊಳ್ಳಲು ಏನೂ ಇಲ್ಲದೆ ಅಮ್ಮ ಆ ತಗಡಿನ ಮೇಲೆ ಒಬ್ಬಳೇ ನಿಂತಳು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ತರಗತಿಯ ಮುಂದೆ ನಿಂತು ಪಾಠ ಹೇಳಿದವಳು ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಹೊಟ್ಟೆಯ ಮೇಲೆ ಕಟ್ಟಿಕೊಂಡಳು.

ಆಗ ಅವನು ಸಂಖ್ಯೆಯನ್ನು ಕೂಗಿದ. ಕಂಪ್ಯೂಟರಿನ ಮುಂದೆ ಕೂತ ಹುಡುಗಿಗೆ ಕೇಳಿಸಲಿಲ್ಲ. ಇನ್ನೊಮ್ಮೆ ಕೂಗಿದ, ಈ ಸಲ ಒಂದೊಂದು ಅಂಕಿಯನ್ನೂ ಬಿಡಿಸಿ. ಸಂತೆಯಲ್ಲಿ ಮೆಣಸಿನಕಾಯಿ ಮೂಟೆ ತೂಗುವವರು ಕೂಗುತ್ತಾರಲ್ಲ, ಹಾಗೆ. ಆ ಸಂಖ್ಯೆಯನ್ನು ನಾನು ಇಲ್ಲಿ ಬರೆಯುವುದಿಲ್ಲ. ಅಲ್ಲಿದ್ದವರೆಲ್ಲ ಕೇಳಿಸಿಕೊಂಡರು, ಅಷ್ಟು ಸಾಕು. ಫಾರಂನಲ್ಲಿ ನಾನು ಬರೆದದ್ದಕ್ಕೂ ಯಂತ್ರ ತೋರಿಸಿದ್ದಕ್ಕೂ ಒಂದು ಕೆ.ಜಿ. ವ್ಯತ್ಯಾಸವೂ ಇರಲಿಲ್ಲ. ‘ಸರಿಯಾಗಿದೆ’ ಎಂಬ ಒಂದು ಮಾತು ಅವನ ಬಾಯಿಂದ ಬಂದಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲವೇನೋ. ಬರಲಿಲ್ಲ.

ಬಂದದ್ದು ಟೋಪಿಯವನ ಮಾತು. ‘ಇವರು ಬಲಗಡೆ ಕೂತರೆ ನಾವೆಲ್ಲ ಎಡಗಡೆ ಕೂರಬೇಕಾಗುತ್ತದೆ’ ಎಂದು ಹೆಂಡತಿಗೆ ಹೇಳಿದ. ಪಿಸುಮಾತಲ್ಲ, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ. ಸೀರೆ ಉಟ್ಟವರಿಗೆ ಇಂಗ್ಲಿಷ್ ಬರುವುದಿಲ್ಲ ಎಂದುಕೊಂಡಿರಬೇಕು. ಎರಡು ಮೂರು ಜನ ನಕ್ಕರು. ಹಲಗೆ ಹಿಡಿದವನೂ ತಲೆ ತಗ್ಗಿಸಿ ನಕ್ಕ. ದನಿ ತಗ್ಗಿಸಿ ಮಾತಾಡಿ ಎಂದು ನಾನು ಅವನಿಗೆ ಹೇಳಿದೆ, ಜೋರಾಗಿಯೇ ಹೇಳಿದೆ. ‘ಇದು ನಿಯಮ ಮೇಡಂ’ ಎಂದ.

ಅಮ್ಮನೂ ನಕ್ಕಳು. ನನಗೆ ತಡೆಯಲಾಗದೇ ಇರುವುದು ಅದೇ. ಮೈ ಇಳಿಸಿಕೊಂಡು, ತುಟಿ ಬಿಗಿದು, ತಾನೇ ಯಾರಿಗೋ ತೊಂದರೆ ಕೊಟ್ಟವಳ ಹಾಗೆ ನಕ್ಕಳು. ಜೀವಮಾನದಲ್ಲಿ ಅಮ್ಮ ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ.

ನಿಯಮ ಎಲ್ಲರಿಗೂ ಇದ್ದರೆ ಅದು ನಿಯಮ. ಒಬ್ಬನ ಬಾಯಿಮಾತನ್ನು ನಂಬಿ, ಇನ್ನೊಬ್ಬರ ಸಹಿಯನ್ನೂ ನಂಬದೇ ಇದ್ದರೆ ಅದನ್ನು ಏನೆಂದು ಕರೆಯುತ್ತೀರಿ? ಫಾರಂನಲ್ಲಿ ಸುಳ್ಳು ತೂಕ ಬರೆಯುವವರು ಇರುತ್ತಾರೆ, ಒಪ್ಪುತ್ತೇನೆ. ಅನುಮಾನ ಬಂದವರನ್ನು ತೂಗಲಿ, ಅದನ್ನೂ ಒಪ್ಪುತ್ತೇನೆ. ವಿಮಾನ ಓಡಿಸುವವನ ತಲೆಯ ಮೇಲೆ ಎಷ್ಟೋ ಜೀವಗಳ ಹೊಣೆಯಿದೆ. ಹೀಗೆ ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತೇನೆ. ಹೇಳಿಕೊಂಡ ಮರುಕ್ಷಣವೇ ಆ ಬಿಡಿಸಿ ಕೂಗಿದ ಅಂಕಿಗಳು ನೆನಪಾಗಿ ಮೈ ಉರಿಯುತ್ತದೆ. ಚೀಟಿಯಲ್ಲಿ ಬರೆದು ಆ ಹುಡುಗಿಗೆ ಕೊಡಬಹುದಿತ್ತು. ನಾಲ್ಕು ಹೆಜ್ಜೆ ದೂರ.

ಅಮ್ಮ ಯಾಕೆ ಅಲ್ಲಿಗೆ ಹೋಗಬೇಕೆಂದಳು ಎಂಬುದು ಅವರಲ್ಲಿ ಒಬ್ಬರಿಗಾದರೂ ಗೊತ್ತಿತ್ತೇ? ಸಿಂಹ ನೋಡುವುದಕ್ಕಲ್ಲ. ಅಮ್ಮ ಹೈಸ್ಕೂಲಿನಲ್ಲಿ ಭೂಗೋಳ ಮತ್ತು ಇಂಗ್ಲಿಷ್ ಹೇಳಿಕೊಟ್ಟವಳು. ನದಿಗಳೆಲ್ಲ ಸಮುದ್ರ ಸೇರುತ್ತವೆ ಎಂದು ಮಕ್ಕಳು ಬರೆದರೆ, ಸೇರದ ಒಂದು ನದಿ ಇದೆ ಎಂದು ಈ ಒಕವಾಂಗೊವನ್ನು ಬೋರ್ಡಿನ ಮೇಲೆ ಬಿಡಿಸುತ್ತಿದ್ದಳು. ಅಂಗೋಲಾದ ಎತ್ತರದ ನಾಡಿನಲ್ಲಿ ಬಿದ್ದ ಮಳೆ ಕುಬಾಂಗೊ, ಕುಯಿಟೊ ನದಿಗಳಲ್ಲಿ ಹರಿದು, ನಮೀಬಿಯಾದ ಚಾಚು ನೆಲವನ್ನು ದಾಟಿ, ಬೋಟ್ಸ್ವಾನಾದ ಕಲಹರಿಯ ಮರಳಿನ ಮೇಲೆ ಹರಡಿಕೊಳ್ಳುತ್ತದೆ. ನೆಲ ಎಷ್ಟು ಸಮತಟ್ಟು ಎಂದರೆ ನೀರು ಬರಲು ತಿಂಗಳುಗಟ್ಟಲೆ ಬೇಕು. ಆ ಸೀಮೆಯಲ್ಲಿ ಮಳೆಯ ಹನಿಯೂ ಬೀಳದ ಕಾಲದಲ್ಲಿ ನೆರೆ ಏರುತ್ತದೆ, ಸುತ್ತಲಿನ ಒಣ ಕಾಡಿನಿಂದ ಆನೆಗಳು ನೀರಿಗೆ ಬರುತ್ತವೆ. ಬಂದ ನೀರಿನ ಬಹುಪಾಲು ಗಿಡಗಳ ಮೂಲಕ, ಬಿಸಿಲಿನ ಮೂಲಕ ಆಕಾಶಕ್ಕೇ ಹೋಗುತ್ತದೆ. 2014ರಲ್ಲಿ ಆ ಮುಖಜಭೂಮಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಯ 1000ನೆಯ ತಾಣವಾಯಿತು. ಆ ಸುದ್ದಿಯನ್ನು ಅಮ್ಮ ಪತ್ರಿಕೆಯಿಂದ ಕತ್ತರಿಸಿ ಇಟ್ಟುಕೊಂಡಿದ್ದಾಳೆ.

ಅಂಥವಳು ವಿಮಾನದಲ್ಲಿ ಕಿಟಕಿಯ ಪಕ್ಕ ಕೂತು ಹೊರಗೆ ನೋಡಲಿಲ್ಲ. ಕೆಳಗೆ ನೀರಿನ ಕಾಲುವೆಗಳು, ಪಪೈರಸ್ ಹುಲ್ಲಿನ ಹಸಿರು, ತಾಳೆಮರಗಳು ನಿಂತ ನಡುಗಡ್ಡೆಗಳು, ಎಲ್ಲವೂ ಹಾದುಹೋಗುತ್ತಿವೆ. ‘ಅಮ್ಮ, ನೋಡು’ ಎಂದೆ. ‘ನೋಡುತ್ತಿದ್ದೇನೆ’ ಎಂದಳು. ಆದರೆ ಎರಡೂ ಕೈಯಲ್ಲಿ ಸೀಟಿನ ಅಂಚು ಹಿಡಿದು, ಬೆನ್ನು ನೆಟ್ಟಗೆ ಮಾಡಿ, ಎದುರಿನ ಸೀಟನ್ನೇ ದಿಟ್ಟಿಸುತ್ತಿದ್ದಳು. ಯಾಕೆ ಎಂದು ನನಗೆ ತಡವಾಗಿ ಹೊಳೆಯಿತು. ತಾನು ಕಿಟಕಿಯ ಕಡೆಗೆ ವಾಲಿದರೆ ವಿಮಾನ ವಾಲುತ್ತದೆ ಎಂಬ ಭಯ. ಭೂಗೋಳದ ಮೇಷ್ಟರಿಗೆ ಅದು ಸುಳ್ಳೆಂದು ಗೊತ್ತಿಲ್ಲವೇ? ಗೊತ್ತಿದೆ. ಆದರೂ ವಾಲಲಿಲ್ಲ.

ಕ್ಯಾಂಪಿನವರ ಮೇಲೆ ನನಗೆ ದೂರಿಲ್ಲ. ಹಾಡು ಹೇಳಿ ಬರಮಾಡಿಕೊಂಡರು, ಮುಖ ಒರೆಸಲು ಒದ್ದೆ ಟವೆಲ್ ಕೊಟ್ಟರು, ಮೊಟ್ಟೆಯೂ ಇಲ್ಲದ ಊಟ ಬೇಕೆಂದದ್ದನ್ನು ಮರೆಯದೆ ಮಾಡಿಕೊಟ್ಟರು. ಕತ್ತಲಾದ ಮೇಲೆ ಡೇರೆಯವರೆಗೆ ಟಾರ್ಚ್ ಹಿಡಿದು ಜೊತೆಗೆ ಬರುತ್ತಿದ್ದವರು ಅಮ್ಮನ ನಡಿಗೆಗೆ ತಕ್ಕಂತೆ ಹೆಜ್ಜೆ ಹಾಕುತ್ತಿದ್ದರು. ದೂರು ಇಲ್ಲ ಎಂದೆ, ಆದರೆ ಒಂದಿದೆ. ಆ ವಿಮಾನವನ್ನು ಗೊತ್ತುಮಾಡಿದವರು ಅವರೇ. ಮಾರನೆಯ ದಿನ ನಡೆದದ್ದನ್ನು ಮ್ಯಾನೇಜರ್‌ಗೆ ಹೇಳಿದಾಗ, ವಿಮಾನದವರು ಬೇರೆ ಸಂಸ್ಥೆ ಎಂದು ಕೈ ತೊಳೆದುಕೊಂಡರು.

ಮೊಕೊರೊ ದೋಣಿಯ ವಿಷಯ ಬರೆಯಲು ಕೈ ಬರುತ್ತಿಲ್ಲ. ಹಿಂದೆ ಒಂದೇ ಮರದ ದಿಮ್ಮಿಯನ್ನು ಕೊರೆದು ಮಾಡುತ್ತಿದ್ದರು, ಈಗ ದೊಡ್ಡ ಮರಗಳನ್ನು ಉಳಿಸಲು ಹೆಚ್ಚಾಗಿ ಫೈಬರ್‌ಗ್ಲಾಸಿನದು. ಇಬ್ಬರು ಕೂರುತ್ತಾರೆ, ಹಿಂದೆ ಒಬ್ಬ ನಿಂತು ಗಳು ಹಾಕಿ ನಡೆಸುತ್ತಾನೆ. ಅಮ್ಮ ಇಷ್ಟು ದೂರ ಬಂದದ್ದೇ ಅದಕ್ಕಾಗಿ, ಆ ನೀರಿನ ಮಟ್ಟದಲ್ಲಿ ಕೂತು ಆ ನೀರನ್ನು ಮುಟ್ಟುವುದಕ್ಕೆ. ದೋಣಿಯ ಹತ್ತಿರ ಬಂದವಳು ನಿಂತುಬಿಟ್ಟಳು. ಮಂಡಿ ನೋಯುತ್ತದೆ ಎಂದಳು. ಗಳು ಹಿಡಿದಿದ್ದ ಹಿರಿಯರಿಗೆ ಏನೋ ಅರ್ಥವಾಗಿರಬೇಕು. ದೋಣಿಯ ಅಂಚಿನ ಮೇಲೆ ಎರಡೂ ಅಂಗೈ ಊರಿ, ತಮ್ಮ ಮೈಭಾರವನ್ನೆಲ್ಲ ಬಿಟ್ಟು ಒತ್ತಿ ತೋರಿಸಿದರು, ಏನೂ ಆಗುವುದಿಲ್ಲ ಎಂದರು. ಅಮ್ಮ ಕೈಮುಗಿದಳು. ‘ದುಡ್ಡು ಕೊಟ್ಟಾಗಿದೆ, ನೀನಾದರೂ ಹೋಗಿ ಬಾ’ ಎಂದು ನನ್ನನ್ನು ಕಳಿಸಿದಳು. ಜೊಂಡಿನ ಕಡ್ಡಿಗೆ ಅಂಟಿಕೊಂಡ, ಹೆಬ್ಬೆರಳ ಉಗುರಿನಷ್ಟು ಸಣ್ಣ ಕಪ್ಪೆಯನ್ನು ಆ ಹಿರಿಯರು ತೋರಿಸಿದರು. ಮೈಮೇಲೆ ಯಾರೋ ಕುಂಚದಿಂದ ಎಳೆದಂತೆ ಗೆರೆಗಳು. ಅದನ್ನು ನೋಡಬೇಕಾಗಿದ್ದವಳು ದಡದ ಮೇಲೆ ಮಡಚುವ ಕುರ್ಚಿಯಲ್ಲಿ ದುರ್ಬೀನು ಹಿಡಿದು ಕೂತಿದ್ದಳು.

ಒಬ್ಬರಿಗೆ ಒಂದು ರಾತ್ರಿಗೆ ಸಾವಿರ ಡಾಲರಿಗೂ ಮಿಕ್ಕಿ ತೆಗೆದುಕೊಳ್ಳುತ್ತಾರೆ. ಜನ ಕಡಿಮೆ ಇರಲಿ, ಬಂದವರು ಹೆಚ್ಚು ಕೊಡಲಿ, ಕಾಡು ಉಳಿಯಲಿ ಎಂಬುದು ಆ ದೇಶದ ನೀತಿ. ಒಳ್ಳೆಯ ನೀತಿ, ನನ್ನ ತಕರಾರಿಲ್ಲ. ಅಮ್ಮ ನಿವೃತ್ತಿಯ ಹಣದಿಂದ ತನ್ನ ಪಾಲನ್ನು ತಾನೇ ಕೊಟ್ಟಳು, ಕೊನೆಯ ರೂಪಾಯಿಯವರೆಗೆ. ಅಷ್ಟು ಹಣ ತೆಗೆದುಕೊಂಡವರಿಗೆ ಒಂದು ಪರದೆ ಕಟ್ಟಲು ಆಗುವುದಿಲ್ಲವೇ?

ಹಿಂದಿರುಗುವಾಗ ಯಾರೂ ತೂಗಲಿಲ್ಲ. ಪೈಲಟ್ ಬಂದ, ಹತ್ತಿ ಎಂದ, ಹತ್ತಿದೆವು. ಮೊದಲೇ ಬರೆದಿಟ್ಟುಕೊಂಡಿದ್ದಾರಂತೆ. ಇರಬಹುದು. ಇದಕ್ಕೂ ಅವರ ಬಳಿ ಸರಿಯಾದ ಉತ್ತರ ಇದ್ದೇ ಇರುತ್ತದೆ.

ದೂರು ಬರೆದೆ. ಕ್ಯಾಂಪಿನವರು ವಿಮಾನದವರಿಗೆ ಕಳಿಸಿದರು, ವಿಮಾನದವರು ಪ್ರವಾಸ ಗೊತ್ತುಮಾಡಿದ ಏಜೆನ್ಸಿಗೆ ಕಳಿಸಿದರು, ಏಜೆನ್ಸಿಯವರು ಮುಂದಿನ ಪ್ರವಾಸಕ್ಕೆ ರಿಯಾಯಿತಿ ಕೊಡುತ್ತೇವೆ ಎಂದು ಬರೆದರು. ಯಾರು ಕೇಳಿದರು ರಿಯಾಯಿತಿ? ನಾನು ಕೇಳಿದ್ದು ಒಂದೇ. ಅವನನ್ನು ಬಾಯಿಮಾತಿನಲ್ಲಿ ಬಿಟ್ಟು, ಇವಳನ್ನು ಯಂತ್ರದ ಮೇಲೆ ಹತ್ತಿಸಿದ್ದು ಯಾಕೆ?

‘ಬಿಡೇ, ಅವರ ಕೆಲಸ ಅವರು ಮಾಡಿದರು’ ಎನ್ನುತ್ತಾಳೆ ಅಮ್ಮ. ಬಿಡಬೇಕು ಎಂದು ನನಗೂ ಅನ್ನಿಸುತ್ತದೆ, ಇದರಿಂದ ಏನೂ ಬದಲಾಗುವುದಿಲ್ಲ ಎಂದೂ ಗೊತ್ತು. ಆದರೆ ಇವತ್ತು ರಾತ್ರಿ ಊಟಕ್ಕೆ ಕೂತಾಗ ಎರಡನೆಯ ಸಲ ಅನ್ನ ಬಡಿಸಲು ಹೋದರೆ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದಳು. ಇಲ್ಲ, ಬಿಡುವುದಿಲ್ಲ.

ಸಣ್ಣ ವಿಮಾನಗಳ ಕೆಲಸದಲ್ಲಿ ಇರುವವರು, ಪ್ರವಾಸದ ವ್ಯವಹಾರದಲ್ಲಿ ಇರುವವರು ಯಾರಾದರೂ ಇದನ್ನು ಓದಿದರೆ ಉತ್ತರ ಕೊಡಿ. ಆ ಸಂಸ್ಥೆಯವರಿಗೂ ಇದನ್ನೇ ಬರೆದಿದ್ದೇನೆ: ರಿಯಾಯಿತಿ ಬೇಡ, ನನ್ನ ಹೆಸರಿಗೆ ಪತ್ರವೂ ಬೇಡ. ಕ್ಷಮೆ ಕೇಳುವುದಿದ್ದರೆ ಅಮ್ಮನ ಹೆಸರಿಗೆ ಬರೆಯಿರಿ. ಇಂಗ್ಲಿಷಿನಲ್ಲೇ ಬರೆಯಿರಿ, ಅವರು ಓದುತ್ತಾರೆ.